ವನಭೋಜನದ ಪಟ್ಟಿಯಲ್ಲಿಲ್ಲದ ಮಕ್ಕಳು

ಕಾರ್ತಿಕ ಮಾಸ ಬಂತೆಂದರೆ ಮಹಾನಗರಗಳ ಕನ್ನಡ ಸಂಘಗಳಲ್ಲಿ ವನಭೋಜನದ ಓಡಾಟ ಮೊದಲಾಗುತ್ತದೆ. ಬಸ್ಸು ಎಷ್ಟು, ಚಿತ್ರಾನ್ನ ಯಾರ ಮನೆಯದು, ಮೊಸರನ್ನಕ್ಕೆ ದಾಳಿಂಬೆ ಬೇಕೇ ಬೇಡವೇ ಎಂಬ ಚರ್ಚೆಗಳು ನಮ್ಮ ಸಾಹಿತ್ಯ ಗೋಷ್ಠಿಗಳಿಗಿಂತ ಬಿಸಿಯಾಗಿ ನಡೆಯುತ್ತವೆ. ಬರುವವರ ಪಟ್ಟಿಯನ್ನು ಬರೆಯುವ ಕೆಲಸ ಮುಂಬಯಿಯಲ್ಲಿ ಅನೇಕ ವರ್ಷ ನನ್ನ ಪಾಲಿಗೆ ಬಂದಿತ್ತು. ಆ ಪಟ್ಟಿಯಲ್ಲಿ ಕೆಲವು ಮನೆಗಳ ಹೆಸರು ಎಂದೂ ಇರುತ್ತಿರಲಿಲ್ಲ. ಗಣೇಶೋತ್ಸವಕ್ಕೆ ತಪ್ಪದೆ ವಂತಿಗೆ ಕೊಡುವವರು, ರಾಜ್ಯೋತ್ಸವಕ್ಕೆ ಮನೆಯ ಯಜಮಾನರೊಬ್ಬರೇ ಬಂದು ಹಿಂದಿನ ಸಾಲಿನಲ್ಲಿ ಕುಳಿತು ಊಟಕ್ಕೆ ಮೊದಲೇ ಎದ್ದು ಹೋಗುವವರು. ವಿಚಾರಿಸಿದರೆ ‘ಈ ಸಲ ಆಗುವುದಿಲ್ಲ, ಮುಂದಿನ ವರ್ಷ ನೋಡೋಣ’ ಎಂಬ ಉತ್ತರ. ಆ ಮನೆಗಳಲ್ಲಿ ವಿಶೇಷ ಅಗತ್ಯಗಳಿರುವ ಮಗುವೊಂದು ಇದೆ ಎಂಬುದು ನಮಗೆಲ್ಲ ಗೊತ್ತಿತ್ತು. ಗೊತ್ತಿದ್ದೂ ಕೇಳದಿರುವುದೇ ಸೌಜನ್ಯವೆಂದು ನಾವು ತಿಳಿದುಕೊಂಡಿದ್ದೆವು. ನನ್ನ ಮಗಳ ಮಗನಿಗೆ ಮೂರನೆಯ ವಯಸ್ಸಿನಲ್ಲಿ ಆಟಿಸಂ ಇದೆಯೆಂದು ವೈದ್ಯರು ಹೇಳಿದ ಮೇಲೆ, ಆ ಸೌಜನ್ಯದ ಇನ್ನೊಂದು ಮುಖ ನನಗೆ ಕಾಣತೊಡಗಿತು. ಈಗ ಕೇಳಿಸಿಕೊಳ್ಳದವರ ಸಾಲಿನಲ್ಲಿ ನಮ್ಮ ಮನೆಯೂ ಸೇರಿದೆ.

ಹುಡುಗನಿಗೆ ಈಗ 9 ವರ್ಷ. ಮಾತು ಕಡಿಮೆ, ನೀರೆಂದರೆ ಪ್ರಾಣ. ನಲ್ಲಿಯ ನೀರು, ಮಳೆಯ ನೀರು, ಕೆರೆಯ ನೀರು, ಯಾವುದಾದರೂ ಸರಿ, ಅದರ ಮುಂದೆ ಗಂಟೆಗಟ್ಟಲೆ ಶಾಂತನಾಗಿ ಕೂರುತ್ತಾನೆ. ಆದ್ದರಿಂದ ಕಳೆದ ಚಳಿಗಾಲದಲ್ಲಿ ನಗರದ ಅಂಚಿನ ದೊಡ್ಡದೊಂದು ಉದ್ಯಾನಕ್ಕೆ ಅವನನ್ನು ಕರೆದೊಯ್ಯುವುದೆಂದು ಮಗಳೂ ನಾನೂ ನಿರ್ಧರಿಸಿದೆವು. ಅಲ್ಲೊಂದು ಕೆರೆಯಿದೆ. ಮುಖ್ಯದ್ವಾರದಿಂದ ಹೆಚ್ಚೆಂದರೆ ಹದಿನೈದು ನಿಮಿಷದ ನಡಿಗೆ.

ಆ ಹದಿನೈದು ನಿಮಿಷದ ದಾರಿಯನ್ನು ನಾವು ಅಂದು ದಾಟಲಿಲ್ಲ. ಟಿಕೆಟಿನ ಸಾಲಿನಲ್ಲಿ ಅರ್ಧ ಗಂಟೆಗೂ ಹೆಚ್ಚು ನಿಂತೆವು. ದ್ವಾರದ ಮೇಲಿನ ಧ್ವನಿವರ್ಧಕದಲ್ಲಿ ಸೂಚನೆಗಳೂ ಸಿನಿಮಾ ಹಾಡುಗಳೂ ಒಂದರ ಮೇಲೊಂದು ಬರುತ್ತಿದ್ದವು. ಕಿವಿಗೆ ಹಾಕುವ ಹೆಡ್‌ಫೋನನ್ನು ಹುಡುಗ ಎರಡು ಸಲ ಕಿತ್ತೆಸೆದ. ಒಳಗೆ ಹೋದೊಡನೆ ಶೌಚಕ್ಕೆ ಹೋಗಬೇಕೆಂದು ಸನ್ನೆ ಮಾಡಿದ. ಅವನಿಗೆ ಇನ್ನೂ ಸಹಾಯ ಬೇಕು. 9 ವರ್ಷದ ಹುಡುಗನನ್ನು ತಾಯಿ ಹೆಂಗಸರ ಕಡೆಗೆ ಕರೆದೊಯ್ದರೆ ಅಲ್ಲಿದ್ದವರ ಆಕ್ಷೇಪ. ಗಂಡಸರ ಕಡೆಗೆ ನಾನು ಕರೆದೊಯ್ದರೆ ಒದ್ದೆ ನೆಲದಲ್ಲಿ ಅವನನ್ನು ಹಿಡಿದು ನಿಲ್ಲಿಸುವ ಶಕ್ತಿ ನನ್ನ ಮೊಣಕಾಲಿಗಿಲ್ಲ. ಗಾಲಿಕುರ್ಚಿಯ ಚಿತ್ರವಿದ್ದ ಮೂರನೆಯ ಬಾಗಿಲೊಂದಿತ್ತು, ಅದಕ್ಕೆ ಬೀಗ. ಬೀಗದ ಕೈ ಇಟ್ಟುಕೊಂಡವನು ಊಟಕ್ಕೆ ಹೋಗಿದ್ದ. ಅವನು ಬಂದು ತೆರೆದಾಗ ಒಳಗೆ ಪೊರಕೆ, ಬಕೆಟ್ಟು, ಫಿನಾಯಿಲಿನ ಡಬ್ಬ, ಮುರಿದ ಎರಡು ಕುರ್ಚಿ. ಅಷ್ಟರಲ್ಲಿ ಹುಡುಗನ ಬಟ್ಟೆ ಒದ್ದೆಯಾಗಿ, ಅವನು ಕಿವಿ ಮುಚ್ಚಿಕೊಂಡು ನೆಲದ ಮೇಲೆ ಮಲಗಿ ಕೂಗತೊಡಗಿದ್ದ. ಸುತ್ತ ಜನ ಸೇರಿದರು. ಒಬ್ಬಾಕೆ ದೃಷ್ಟಿ ತೆಗೆಯಿರೆಂದರು. ಮಹನೀಯರೊಬ್ಬರು ಒಂದು ಏಟು ಕೊಟ್ಟರೆ ಸರಿಹೋಗುತ್ತದೆಂದರು. ತರುಣನೊಬ್ಬ ಮೊಬೈಲಿನಲ್ಲಿ ಚಿತ್ರೀಕರಿಸುತ್ತಿದ್ದ. ‘ಅಪ್ಪಾ, ಮನೆಗೆ ಹೋಗೋಣ’ ಎಂದು ಮಗಳು ಹೇಳಿದಾಗ ಅವಳ ಸ್ವರದಲ್ಲಿ ಸಿಟ್ಟಾಗಲಿ ಅಳುವಾಗಲಿ ಇರಲಿಲ್ಲ. ಇಂಥದ್ದು ಅವಳಿಗೆ ರೂಢಿಯಾಗಿತ್ತು. ನನಗೆ ಹೆಚ್ಚು ನೋವಾದದ್ದು ಅದರಿಂದಲೇ.

ಇದನ್ನು ಒಂದು ಮನೆಯ ದುಃಖವೆಂದು ಬರೆಯುತ್ತಿಲ್ಲ. ಆ ಬಾಗಿಲಿಗೆ ಬೀಗ ಬಿದ್ದದ್ದೇಕೆ ಎಂದು ಹುಡುಕುತ್ತ ಹೋದರೆ ನಾವು ಮುಟ್ಟುವುದು ದೇಶದ ಸರ್ವೋಚ್ಚ ನ್ಯಾಯಾಲಯದ ಅಂಗಳವನ್ನು.

ವಿಕಲಚೇತನ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯನ್ನು ಸಂಸತ್ತು 2016ರ ಡಿಸೆಂಬರಿನಲ್ಲಿ ಅಂಗೀಕರಿಸಿತು; 2017ರ ಏಪ್ರಿಲ್ 19ರಿಂದ ಅದು ಜಾರಿಗೆ ಬಂದಿತು. 1995ರ ಹಳೆಯ ಕಾಯ್ದೆಯಲ್ಲಿ 7 ಬಗೆಯ ವೈಕಲ್ಯಗಳಷ್ಟೇ ಇದ್ದವು, ಹೊಸದರಲ್ಲಿ 21. ಆಟಿಸಂ ಈ ಪಟ್ಟಿಗೆ ಸೇರಿದ್ದು ಆಗಲೇ. ಕಾಯ್ದೆಯ 29ನೆಯ ಕಲಮು ಸಾಂಸ್ಕೃತಿಕ ಜೀವನ ಮತ್ತು ಮನರಂಜನೆಯಲ್ಲಿ ಎಲ್ಲರೊಂದಿಗೆ ಸಮಾನವಾಗಿ ಪಾಲ್ಗೊಳ್ಳುವ ಹಕ್ಕನ್ನು ಎತ್ತಿ ಹೇಳುತ್ತದೆ. ಸಾರ್ವಜನಿಕ ಕಟ್ಟಡವೆಂದರೆ ಏನೆಂಬ ವ್ಯಾಖ್ಯೆಯಲ್ಲಿ ವಿರಾಮ, ವಿನೋದಗಳಿಗೆ ಬಳಸುವ ಕಟ್ಟಡಗಳನ್ನೂ ಸೇರಿಸಲಾಗಿದೆ. ಇರುವ ಕಟ್ಟಡಗಳನ್ನೆಲ್ಲ ನಿಯಮ ಹೊರಟ 5 ವರ್ಷಗಳೊಳಗೆ ಎಲ್ಲರಿಗೂ ಎಟಕುವಂತೆ ಮಾಡಬೇಕೆಂದು 45ನೆಯ ಕಲಮು. ಸೇವೆಗಳನ್ನು 2 ವರ್ಷಗಳೊಳಗೆ ಸರಿಪಡಿಸಬೇಕೆಂದು 46ನೆಯ ಕಲಮು. ನಿಯಮಗಳು ಹೊರಟದ್ದು 2017ರ ಜೂನಿನಲ್ಲಿ. ಅಂದರೆ 2019ರ ಜೂನಿಗೆ ಒಂದು ಗಡುವು ಮುಗಿಯಿತು, 2022ರ ಜೂನಿಗೆ ಇನ್ನೊಂದು.

ಗಡುವು ಮುಗಿದರೂ ಬೀಗ ತೆರೆಯಲಿಲ್ಲವೇಕೆ? ಇದಕ್ಕೆ ನ್ಯಾಯಾಲಯವೇ ಉತ್ತರ ಹೇಳಿದೆ. ದೃಷ್ಟಿದೋಷವುಳ್ಳ ರಾಜೀವ್ ರತೂಡಿ ಎಂಬವರು 2005ರಲ್ಲಿ ಹೂಡಿದ್ದ ಅರ್ಜಿಯಲ್ಲಿ, ಅಂದಿನ ಮುಖ್ಯ ನ್ಯಾಯಮೂರ್ತಿ ಡಿ. ವೈ. ಚಂದ್ರಚೂಡ್ ಅವರಿದ್ದ ಪೀಠ 2024ರ ನವೆಂಬರ್ 8ರಂದು ತೀರ್ಪು ಕೊಟ್ಟಿತು. ಕಾಯ್ದೆ ‘ಮಾಡತಕ್ಕದ್ದು’ ಎಂದು ಕಡ್ಡಾಯದ ಮಾತನ್ನಾಡುತ್ತದೆ. ಅದರ ಕೆಳಗಿನ ನಿಯಮಾವಳಿಯೋ ನಾನಾ ಇಲಾಖೆಗಳ ಮಾರ್ಗಸೂಚಿಗಳತ್ತ ಬೆರಳು ತೋರಿಸಿ ಸುಮ್ಮನಾಗುತ್ತದೆ. ಆ ಮಾರ್ಗಸೂಚಿಗಳೆಲ್ಲ ‘ಮಾಡಿದರೆ ಒಳ್ಳೆಯದು’ ಎಂಬ ಸ್ವರೂಪದವು. ಕಡ್ಡಾಯದ ಕಾಯ್ದೆಯ ಕೆಳಗೆ ಐಚ್ಛಿಕ ನಿಯಮ ನಿಲ್ಲಲಾರದೆಂದು ಹೇಳಿ, ನಿಯಮ 15ರ ಮೊದಲ ಉಪನಿಯಮವನ್ನು ನ್ಯಾಯಾಲಯ ಅಸಿಂಧುಗೊಳಿಸಿತು; ಕಡ್ಡಾಯವಾಗಿ ಪಾಲಿಸಲೇಬೇಕಾದ ಅಂಶಗಳನ್ನು ಬೇರ್ಪಡಿಸಿ 3 ತಿಂಗಳಲ್ಲಿ ಹೊಸ ನಿಯಮ ರಚಿಸುವಂತೆ ಕೇಂದ್ರಕ್ಕೆ ಆದೇಶಿಸಿತು. ಈ ತೀರ್ಪಿಗೆ ಆಧಾರವಾದ ವರದಿಯನ್ನು ಸಿದ್ಧಪಡಿಸಿದ್ದು ಹೈದರಾಬಾದಿನ ನಲ್ಸಾರ್ ಕಾನೂನು ವಿಶ್ವವಿದ್ಯಾಲಯದ ಅಂಗವೈಕಲ್ಯ ಅಧ್ಯಯನ ಕೇಂದ್ರ ಎಂಬುದನ್ನು ಆ ನಗರದ ನಮ್ಮ ಓದುಗರು ಗಮನಿಸಬಹುದು.

ತೀರ್ಪಿನಲ್ಲಿ ನನ್ನಂಥ ಕಾನೂನು ಓದದವನ ಮನಸ್ಸಿಗೂ ನಾಟಿದ ವಿವೇಚನೆಯೊಂದಿದೆ. ಒಬ್ಬ ವ್ಯಕ್ತಿ ಬಂದು ತನ್ನ ಕಷ್ಟ ಹೇಳಿಕೊಂಡ ಮೇಲೆ ಅವನಿಗಾಗಿ ಮಾಡಿಕೊಡುವ ಹೊಂದಾಣಿಕೆ ಒಂದು ಬಗೆ. ಯಾರೂ ಬಂದು ಕೇಳುವ ಮೊದಲೇ ಜಾಗವನ್ನು ಎಲ್ಲರಿಗೂ ಎಟಕುವಂತೆ ಇಡುವುದು ಇನ್ನೊಂದು ಬಗೆ. ಎರಡೂ ಬೇಕು, ಆದರೆ ಮೊದಲನೆಯದು ಎರಡನೆಯದಕ್ಕೆ ಬದಲಿಯಾಗಲಾರದು. ನಮ್ಮ ಉದ್ಯಾನಗಳಲ್ಲಿ ಅಲ್ಲೊಂದು ಇಲ್ಲೊಂದು ದಯೆಯಿಂದ ನಡೆಯುವುದೆಲ್ಲ ಮೊದಲನೆಯ ಬಗೆಯದು. ಕಾವಲುಗಾರ ಒಳ್ಳೆಯವನಾದರೆ ಪಕ್ಕದ ಗೇಟು ತೆರೆಯುತ್ತಾನೆ, ಇಲ್ಲವಾದರೆ ಇಲ್ಲ. ಪ್ರತಿ ದ್ವಾರದಲ್ಲಿಯೂ ಮಗುವಿನ ಕಾಯಿಲೆಯ ಕಥೆಯನ್ನು, ಮಗು ಕೇಳುತ್ತಿರುವಂತೆಯೇ, ಅಪರಿಚಿತರಿಗೆ ಹೇಳಿ ಕೃಪೆ ಪಡೆಯಬೇಕಾದ ತಾಯಂದಿರನ್ನು ಕೇಳಿ ನೋಡಿ. ಎರಡು ಸಲದ ಮೇಲೆ ಅವರು ಹೊರಗೆ ಹೋಗುವುದನ್ನೇ ಬಿಡುತ್ತಾರೆ.

ಮಕ್ಕಳ ಮನೆಗೆಂದು ಇಂಗ್ಲೆಂಡಿಗೆ ಹೋಗಿಬಂದ ನಮ್ಮ ಹಿರಿಯರು ಅಲ್ಲಿಯ ‘ಕಂಟ್ರಿ ಪಾರ್ಕ್’ಗಳನ್ನು ನೋಡಿರುತ್ತಾರೆ. ಊರಂಚಿನ ಕಾಡು, ಕೆರೆ, ಹುಲ್ಲುಗಾವಲುಗಳನ್ನು ಪಟ್ಟಣಿಗರ ವಿಹಾರಕ್ಕೆಂದು ತೆರೆದಿಡುವ ಈ ವ್ಯವಸ್ಥೆಗೆ ಕಾನೂನಿನ ರೂಪ ಬಂದದ್ದು ಅಲ್ಲಿಯ 1968ರ ಕಾಯ್ದೆಯಿಂದ. ಸೇವೆ ಒದಗಿಸುವವರು ವಿಕಲಚೇತನರ ಅಗತ್ಯವನ್ನು ಮುಂಚಿತವಾಗಿ ಊಹಿಸಿ ಸಿದ್ಧರಿರಬೇಕೆಂಬ ಹೊಣೆಯನ್ನು 2010ರ ಸಮಾನತಾ ಕಾಯ್ದೆ ಹೊರಿಸಿದೆ. ಆದರೂ ಅಲ್ಲಿಯ ತಂದೆತಾಯಿಗಳಿಗೆ ಎಲ್ಲವೂ ಸುಲಭವಾಗಿ ದಕ್ಕಲಿಲ್ಲ. ಬೆಳೆದ ಮಕ್ಕಳನ್ನು ಸಾರ್ವಜನಿಕ ಶೌಚಾಲಯದ ನೆಲದ ಮೇಲೆ ಮಲಗಿಸಿ ಬಟ್ಟೆ ಬದಲಿಸಬೇಕಾದ ಅವಮಾನದ ವಿರುದ್ಧ 2006ರಲ್ಲಿ ಆಂದೋಲನವೊಂದು ಆರಂಭವಾಯಿತು. ದೊಡ್ಡವರೂ ಮಲಗಬಹುದಾದ ಮೇಜು, ಎತ್ತಿ ಕೂರಿಸುವ ಯಂತ್ರ, ಇಬ್ಬರು ಸಹಾಯಕರು ನಿಲ್ಲುವಷ್ಟು ಜಾಗವಿರುವ ಕೋಣೆ ಅವರ ಬೇಡಿಕೆ. ಇಂಗ್ಲೆಂಡಿನಲ್ಲಿ ಹೊಸದಾಗಿ ಕಟ್ಟುವ ಕೆಲವು ಬಗೆಯ ದೊಡ್ಡ ಸಾರ್ವಜನಿಕ ಕಟ್ಟಡಗಳಿಗೆ ಅದು ಕಡ್ಡಾಯವಾದದ್ದು 2021ರಲ್ಲಿ. ಹದಿನೈದು ವರ್ಷ ಹಿಡಿಯಿತು. ಅದೂ ಒಂದು ಶೌಚಾಲಯಕ್ಕೆ.

ನಮ್ಮಲ್ಲಿ ವಿಕಲಚೇತನರ ಅನುಕೂಲವೆಂದರೆ ಅಧಿಕಾರಿಗಳ ಕಣ್ಣಿಗೆ ಮೊದಲು ಬರುವುದು ರ‍್ಯಾಂಪು. ಅದು ಬೇಕೇ ಬೇಕು, ಆದರೆ ಅದನ್ನೂ ಸರಿಯಾಗಿ ಕಟ್ಟುವುದಿಲ್ಲ. ಒಂದು ಅಡಿ ಏರಬೇಕಾದರೆ 12 ಅಡಿ ಉದ್ದದ ಇಳಿಜಾರಿರಬೇಕೆಂಬುದು ಒಪ್ಪಿತ ಲೆಕ್ಕ. ಅನೇಕ ಕಡೆ ಮೆಟ್ಟಿಲುಗಳ ಮೇಲೆಯೇ ಸಿಮೆಂಟು ಸುರಿದಂತಿರುವ ಇಳಿಜಾರುಗಳಲ್ಲಿ ಗಾಲಿಕುರ್ಚಿಯನ್ನು ತಳ್ಳಿ ಹತ್ತಿಸಲು ಪೈಲ್ವಾನನೇ ಬೇಕು. ಇಳಿಸಲು ದೇವರೇ ಬೇಕು. ಉದ್ಯಾನದ ದಾರಿಗೆ ಜಲ್ಲಿಕಲ್ಲು ಹಾಸಿದರಂತೂ ಕುರ್ಚಿಯ ಮುಂದಿನ ಸಣ್ಣ ಗಾಲಿಗಳು ಹೂತು ನಿಲ್ಲುತ್ತವೆ. ದ್ವಿಚಕ್ರ ವಾಹನಗಳು ನುಗ್ಗದಿರಲೆಂದು ದ್ವಾರದಲ್ಲಿ ನೆಟ್ಟ ಕಬ್ಬಿಣದ ಕಂಬಗಳು ಮೋಟಾರ್ ಸೈಕಲ್ಲನ್ನು ತಡೆಯುತ್ತವೆಯೋ ಇಲ್ಲವೋ, ಗಾಲಿಕುರ್ಚಿಯನ್ನು ಖಂಡಿತ ತಡೆಯುತ್ತವೆ.

ಆದರೆ ನನ್ನ ಮೊಮ್ಮಗ ಓಡಬಲ್ಲ, ಹತ್ತಬಲ್ಲ. ಅವನಿಗೆ ಅಡ್ಡಿಯಾಗುವುದು ಕಣ್ಣಿಗೆ ಕಾಣದ ಸಂಗತಿಗಳು: ಮುಗಿಯದ ಸಾಲು, ಏಕಾಏಕಿ ಮೊಳಗುವ ಸದ್ದು, ಮುಂದೇನು ಎಂದು ತಿಳಿಯದ ಗಲಿಬಿಲಿ. 2011ರ ಜನಗಣತಿ ದೇಶದಲ್ಲಿ 2.68 ಕೋಟಿ ವಿಕಲಚೇತನರಿದ್ದಾರೆಂದು, ಅಂದರೆ ಜನಸಂಖ್ಯೆಯ ಶೇ. 2.21ರಷ್ಟೆಂದು ಲೆಕ್ಕ ಹಾಕಿತ್ತು. ಅದರಲ್ಲಿ ಆಟಿಸಂಗೆ ಪ್ರತ್ಯೇಕ ಕಲಮೇ ಇರಲಿಲ್ಲ. ಲೆಕ್ಕಕ್ಕೆ ಬಾರದವರಿಗಾಗಿ ಯಾವ ತೋಟಗಾರಿಕೆ ಇಲಾಖೆ ಯೋಜನೆ ಮಾಡೀತು? ಇಂಥ ಮಕ್ಕಳಿಗೆ ಬೇಕಾದದ್ದಕ್ಕೆ ಹೆಚ್ಚು ಹಣವೂ ಬೇಡ. ಗುರುತಿನ ಚೀಟಿ ತೋರಿಸಿದರೆ ಸಾಲಿಲ್ಲದೆ ಒಳಗೆ ಬಿಡುವ ಒಂದು ಗೇಟು. ತಾಯಿಯೋ ಅಜ್ಜನೋ ಯಾರಾದರೂ ಮಗುವಿನೊಂದಿಗೆ ಹೋಗಬಹುದಾದ, ಬೀಗವಿಲ್ಲದ ಒಂದು ಶೌಚಾಲಯ. ಎಲ್ಲಿ ಏನಿದೆಯೆಂದು ಚಿತ್ರಗಳಲ್ಲಿ ತೋರಿಸುವ ನಕ್ಷೆ. ವಾರದಲ್ಲಿ ಒಂದು ಮುಂಜಾನೆಯಾದರೂ ಧ್ವನಿವರ್ಧಕಕ್ಕೆ ಮೌನ. ಇಷ್ಟಕ್ಕೆ ಟೆಂಡರು ಕರೆಯಬೇಕಾಗಿಲ್ಲ.

ಕಾಡನ್ನು ಕಾಂಕ್ರೀಟು ಮಾಡಿ ಎಂದು ಯಾರೂ ಕೇಳುತ್ತಿಲ್ಲ ಎಂಬುದನ್ನು ಇಲ್ಲಿ ಸ್ಪಷ್ಟಪಡಿಸಬೇಕು. ಮುಂಬಯಿಯ ಸಂಜಯ ಗಾಂಧಿ ರಾಷ್ಟ್ರೀಯ ಉದ್ಯಾನ ಮಹಾನಗರದ ನಡುವೆಯೇ ಸುಮಾರು 104 ಚದರ ಕಿಲೋಮೀಟರು ಹಬ್ಬಿದ ನಿಜವಾದ ಅರಣ್ಯ, ಚಿರತೆಗಳ ಮನೆ. ಅದರೊಳಗಿನ ಕಾನ್ಹೇರಿಯಲ್ಲಿ ನೂರಕ್ಕೂ ಹೆಚ್ಚು ಬೌದ್ಧ ಗುಹೆಗಳು, ಬಂಡೆಯಲ್ಲಿಯೇ ಕಡಿದ ಮೆಟ್ಟಿಲುಗಳು. ಎರಡು ಸಾವಿರ ವರ್ಷಗಳ ಹಿಂದಿನ ಭಿಕ್ಷುಗಳ ಮೆಟ್ಟಿಲನ್ನು ಒಡೆದು ಇಳಿಜಾರು ಮಾಡಿ ಎಂದು ಕೇಳುವುದು ತರವಲ್ಲ; ಹಾಗೆ ಕೇಳುವ ಅತ್ಯುತ್ಸಾಹಿಗಳಿದ್ದರೆ ನಾನು ಅವರ ಪಕ್ಷದಲ್ಲಿಲ್ಲ. ಯಾವ ಅರಣ್ಯಕ್ಕಾದರೂ ಮುಂಬಾಗಿಲಿನ ಅರ್ಧ ಕಿಲೋಮೀಟರು ಮನುಷ್ಯರೇ ಕಟ್ಟಿದ್ದು: ಟಿಕೆಟು ಮನೆ, ಹಾದಿ, ಬೆಂಚು, ನೀರು, ಶೌಚ. ಪ್ರಶ್ನೆ ಆ ಅರ್ಧ ಕಿಲೋಮೀಟರಿನದು. ಇದೇ ನಗರ ಧಾರಾವಿಯ ಬದಿಯ ಕಸದ ಗುಡ್ಡೆಯ ಮೇಲೆ ಗಿಡ ನೆಟ್ಟು, 37 ಎಕರೆಯ ಮಹಾರಾಷ್ಟ್ರ ನಿಸರ್ಗ ಉದ್ಯಾನವನ್ನು 1994ರಲ್ಲಿ ಜನರಿಗೆ ತೆರೆದುಕೊಟ್ಟಿತು. ಕಸವನ್ನು ಕಾಡು ಮಾಡಬಲ್ಲವರಿಗೆ ಸಮತಟ್ಟಾದ ಒಂದು ಹಾದಿ ದೊಡ್ಡ ಕೆಲಸವಾಗಲಾರದು.

ಆಗಿರುವ ಕೆಲಸಗಳೂ ಇವೆ. ಚೆನ್ನೈಯ ಮರೀನಾ ಕಡಲತೀರದಲ್ಲಿ ಗಾಲಿಕುರ್ಚಿಯವರು ಅಲೆಯ ಸಮೀಪಕ್ಕೆ ಹೋಗಲೆಂದು ಮರಳಿನ ಮೇಲೆ ಸುಮಾರು 263 ಮೀಟರು ಉದ್ದದ ಮರದ ಹಾದಿಯನ್ನು 2022ರ ನವೆಂಬರಿನಲ್ಲಿ ತೆರೆದರು. ಮುದುಕರೂ ವಿಕಲಚೇತನರೂ ಮೊದಲ ಬಾರಿಗೆ ನೀರನ್ನು ಅಷ್ಟು ಹತ್ತಿರದಿಂದ ಕಂಡ ಸುದ್ದಿಚಿತ್ರಗಳು ಎಲ್ಲರ ಮನ ಕಲಕಿದವು. ಎರಡೇ ವಾರಗಳಲ್ಲಿ ಮ್ಯಾಂಡಸ್ ಚಂಡಮಾರುತ ಬಂದು ಅದನ್ನು ಹಾಳುಗೆಡವಿತು. ಟೀಕಿಸಿದವರು ಬಹಳ. ಆದರೆ ಅದನ್ನು ಅಲ್ಲಿಗೇ ಬಿಡದೆ ದುರಸ್ತಿ ಮಾಡಿ ಮತ್ತೆ ಬಳಕೆಗೆ ತಂದದ್ದನ್ನು ನಾನು ಉದ್ಘಾಟನೆಗಿಂತ ದೊಡ್ಡ ಸಂಗತಿಯೆಂದು ಎಣಿಸುತ್ತೇನೆ; ನಮ್ಮಲ್ಲಿ ರಿಬ್ಬನ್ನು ಕತ್ತರಿಸುವುದಕ್ಕೆ ಇರುವ ಉತ್ಸಾಹ ಮೊಳೆ ಹೊಡೆಯುವುದಕ್ಕೆ ಇರುವುದಿಲ್ಲ. ಬೆಂಗಳೂರಿನಲ್ಲಿ ವಿಶೇಷ ಅಗತ್ಯಗಳ ಮಕ್ಕಳ ತಂದೆತಾಯಿಗಳು ಕಟ್ಟಿದ ‘ಕಿಲಿಕಿಲಿ’ ಎಂಬ ಸಂಸ್ಥೆ ಪಾಲಿಕೆಯ ಜೊತೆಗೂಡಿ ಕೋಲ್ಸ್ ಪಾರ್ಕ್ ಮುಂತಾದೆಡೆ ಎಲ್ಲ ಮಕ್ಕಳೂ ಕೂಡಿ ಆಡುವ ತಾಣಗಳನ್ನು ರೂಪಿಸಿದೆ. ಹೆಸರೇ ಮಕ್ಕಳ ನಗೆಯದು.

‘ಕೂಡಿ’ ಎಂಬ ಮಾತಿಗೆ ಇಲ್ಲಿ ಬೆಲೆಯಿದೆ. ಇತ್ತೀಚಿನ ವರ್ಷಗಳಲ್ಲಿ ವಿಕಲಚೇತನರಿಗಾಗಿಯೇ ಪ್ರತ್ಯೇಕ ಉದ್ಯಾನ ಕಟ್ಟುವ ಉತ್ಸಾಹ ಕಾಣಿಸುತ್ತಿದೆ. ಅದರ ಹಿಂದಿನ ಸದಾಶಯವನ್ನು ಅಲ್ಲಗಳೆಯಲಾರೆ. ಏನೂ ಇಲ್ಲದಿರುವುದಕ್ಕಿಂತ ಲೇಸು. ಆದರೆ ನಗರಕ್ಕೊಂದು ಪ್ರತ್ಯೇಕ ಉದ್ಯಾನ ಕಟ್ಟಿಯಾಯಿತೆಂದರೆ ಉಳಿದ ಉದ್ಯಾನಗಳ ಬೀಗಗಳಿಗೆ ಸಮರ್ಥನೆ ಸಿಕ್ಕಿಬಿಡುತ್ತದೆ. ಮೇಲಾಗಿ, ಅಣ್ಣನಿಗೆ ಒಂದು ಪಾರ್ಕು ತಂಗಿಗೆ ಇನ್ನೊಂದು ಪಾರ್ಕು ಎಂದಾದರೆ ಭಾನುವಾರದ ಸಂಜೆ ಆ ಮನೆಯವರು ಎಲ್ಲಿಗೆ ಹೋಗಬೇಕು?

ಹೊರನಾಡಿನ ನಮಗೆ ಇದರಲ್ಲಿ ಇನ್ನೊಂದು ನಷ್ಟವೂ ಇದೆ. ಮುಂಬಯಿ, ಪುಣೆ, ದೆಹಲಿಗಳಲ್ಲಿ ಇಂಥ ಮಕ್ಕಳ ಶಾಲೆ, ತರಬೇತಿ ಎಲ್ಲವೂ ಇಂಗ್ಲಿಷು, ಹಿಂದಿ ಅಥವಾ ಆ ರಾಜ್ಯದ ಭಾಷೆಯಲ್ಲಿ. ‘ಮಗುವಿಗೆ ಗೊಂದಲವಾಗುತ್ತದೆ, ಮನೆಯಲ್ಲಿಯೂ ಒಂದೇ ಭಾಷೆ ಆಡಿ’ ಎಂಬ ಸಲಹೆ ಅನೇಕ ಮನೆಗಳಿಗೆ ಬರುತ್ತದೆ, ನಮಗೂ ಬಂದಿತ್ತು. ಎರಡು ಭಾಷೆ ಕೇಳಿ ಬೆಳೆದುದರಿಂದ ಆಟಿಸಂ ಇರುವ ಮಕ್ಕಳ ಮಾತು ಹಿಂದುಳಿಯುತ್ತದೆಂಬುದಕ್ಕೆ ಅಧ್ಯಯನಗಳಲ್ಲಿ ಆಧಾರ ದೊರೆತಿಲ್ಲವೆಂಬುದು ಆಮೇಲೆ ತಿಳಿಯಿತು. ಅಷ್ಟರಲ್ಲಿ ಹುಡುಗನ ಮೂರು ವರ್ಷ ಕನ್ನಡವಿಲ್ಲದೆ ಕಳೆದಿತ್ತು. ಅಜ್ಜಿ ಅವನೊಡನೆ ತನಗೆ ಬಾರದ ಹಿಂದಿಯಲ್ಲಿ ಮಾತನಾಡಿ, ಕೊನೆಗೆ ಮಾತನ್ನೇ ಕಡಿಮೆ ಮಾಡಿದ್ದಳು. ಹತ್ತಾರು ಕನ್ನಡದ ಮನೆಗಳು ಒಂದು ಮರದಡಿ ಕುಳಿತು ಉಣ್ಣುವ ವನಭೋಜನದಂಥ ಸಂದರ್ಭ ಇಂಥ ಮಗುವಿನ ಕಿವಿಗೆ ಎಷ್ಟು ಬೇಕಾಗಿದೆಯೆಂಬುದನ್ನು ವಿವರಿಸಬೇಕಾಗಿಲ್ಲ.

ಸರಕಾರದ ನಿಯಮ ಬರುವಾಗ ಬರಲಿ. ನಮ್ಮ ಕೈಯಲ್ಲಿರುವುದನ್ನು ಮಾಡಲು ತೀರ್ಪಿಗೆ ಕಾಯಬೇಕಾದ್ದಿಲ್ಲವೆಂದು ನಾನು ಕಾರ್ಯಕಾರಿ ಸಮಿತಿಯ ಮುಂದೆ ಹೇಳಿದೆ. ಮೊದಲು ಸ್ವಲ್ಪ ಮೌನ. ಅಷ್ಟು ಜನಕ್ಕೆ ಎಲ್ಲಿ ನೋಡಿಕೊಳ್ಳುವುದು ಎಂದು ಒಬ್ಬರು, ಏನಾದರೂ ಹೆಚ್ಚುಕಡಿಮೆಯಾದರೆ ಹೊಣೆ ಯಾರು ಎಂದು ಇನ್ನೊಬ್ಬರು. ಎರಡೂ ಸುಳ್ಳು ಪ್ರಶ್ನೆಗಳಲ್ಲ. ಮಗುವನ್ನು ನೀವು ನೋಡಿಕೊಳ್ಳಬೇಡಿ, ಅದನ್ನು ಅದರ ತಾಯಿ ನೋಡಿಕೊಳ್ಳುತ್ತಾಳೆ. ನೀವು ಜಾಗವನ್ನು ನೋಡಿಕೊಂಡು ಬನ್ನಿ ಎಂದೆ. ಆ ಪ್ರಕಾರ ಈ ಸಲದ ವನಭೋಜನದ ಅರ್ಜಿಯಲ್ಲಿ, ಊಟ ಎಷ್ಟು ಎಲೆ ಎಂಬುದರ ಕೆಳಗೆ ಹೊಸದೊಂದು ಸಾಲು ಸೇರಿದೆ: ನಿಮ್ಮೊಡನೆ ಬರುವವರಿಗೆ ಸ್ಥಳದಲ್ಲಿ ಏನೇನು ಇರಬೇಕು, ಏನೇನು ಇರಬಾರದು? ‘ನಿಮ್ಮ ಮನೆಯಲ್ಲಿ ಅಂಥ ಮಗುವಿದೆಯೇ’ ಎಂದು ಕೇಳಿಲ್ಲ. ಆ ಸಾಲನ್ನು ಮೊಣಕಾಲು ನೋವಿನ ಹಿರಿಯರೇ ಹೆಚ್ಚಾಗಿ ತುಂಬಿ ಕಳಿಸಿದ್ದಾರೆ, ಸಂತೋಷ.

ನಾವೂ ಮತ್ತೊಮ್ಮೆ ಹೋಗಿಬಂದೆವು. ಬೇರೊಂದು ಉದ್ಯಾನ, ವಾರದ ನಡುವಿನ ದಿನ, ಬೆಳಿಗ್ಗೆ ಬಾಗಿಲು ತೆರೆಯುವ ಹೊತ್ತು. ಹಿಂದಿನ ದಿನ ನಾನೊಬ್ಬನೇ ಹೋಗಿ ಗೇಟು, ಬೆಂಚು, ಶೌಚಾಲಯ, ಕೊಳಗಳ ಫೋಟೋ ತೆಗೆದು ತಂದು, ರಾತ್ರಿ ಹುಡುಗನಿಗೆ ಒಂದೊಂದಾಗಿ ತೋರಿಸಿದ್ದೆ. ಕೊಳದ ಬಳಿ ಬಂದಾಗ ಅವನು ಜೇಬಿನಿಂದ ಆ ಫೋಟೋ ತೆಗೆದು ನೀರಿನ ಪಕ್ಕಕ್ಕೆ ಹಿಡಿದು ನೋಡಿದ. ಮುಕ್ಕಾಲು ಗಂಟೆ ಕೂತಿದ್ದ. ಬಿದ್ದ ಎಲೆಗಳನ್ನು ದೊಡ್ಡದರಿಂದ ಸಣ್ಣದಕ್ಕೆ ಸಾಲಾಗಿ ಜೋಡಿಸಿದ. ಮಗಳು ಫ್ಲಾಸ್ಕಿನಿಂದ ಕಾಫಿ ಬಗ್ಗಿಸಿ, ಬಹಳ ದಿನಗಳ ಮೇಲೆ ಬಿಸಿಯಾಗಿರುವಾಗಲೇ ಕುಡಿದಳು.

ಅರ್ಜಿಯ ಹೊಸ ಸಾಲಿಗೆ ಬಂದ ಉತ್ತರಗಳಲ್ಲಿ ಒಂದು, ಹನ್ನೆರಡು ವರ್ಷಗಳಿಂದ ಪಟ್ಟಿಯಲ್ಲಿ ಹೆಸರಿಲ್ಲದ ಮನೆಯೊಂದರದು. ಅವರ ಮಗಳು ಗಾಲಿಕುರ್ಚಿಯಲ್ಲಿರುತ್ತಾಳೆ. ಬರುತ್ತೇವೆ ಎಂದಾಗಲಿ ಬರುವುದಿಲ್ಲ ಎಂದಾಗಲಿ ಬರೆದಿಲ್ಲ. ‘ಶೌಚಾಲಯದ ಬಾಗಿಲು ಎಷ್ಟು ಅಗಲವಿದೆ?’ ಎಂದಷ್ಟೇ ಕೇಳಿದ್ದಾರೆ. 900 ಮಿಲಿಮೀಟರಾದರೂ ಇರಬೇಕು. ಬರುವ ಭಾನುವಾರ ಸಮಿತಿಯ ಇಬ್ಬರು ಅಳತೆಯ ಟೇಪು ಹಿಡಿದು ಹೋಗುತ್ತಿದ್ದಾರೆ, ಅವರೊಂದಿಗೆ ನಾನೂ.